ಕಡಲಂಚಿನ ಕಾವಲು, ಕಾವೇರಿ ನಡುವಿನ ಕೋಟೆ

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ, ಸುಲ್ತಾನ್ ಬತ್ತೇರಿ ಎಂಬ ಸಣ್ಣ ಕಾವಲು ಕಟ್ಟಡವೊಂದಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯಿಂದ ಧರ್ಮಸ್ಥಳ, ಕಟೀಲು ಯಾತ್ರೆಗೆ ಹೋದವರು ಬಿಡುವಿದ್ದರೆ ಇಲ್ಲಿಗೂ ಬರುವುದುಂಟು. ಮೆಟ್ಟಿಲು ಹತ್ತಿ, ನದಿಯಾಚೆಯ ತಣ್ಣೀರುಬಾವಿಯತ್ತ ಕಣ್ಣು ಹಾಯಿಸಿ, ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಆದರೆ ನಮ್ಮ ಜಿಲ್ಲೆಯವರಿಗೆ ಇದು ಬರಿಯ ವಿಹಾರದ ತಾಣವಲ್ಲ. ಶ್ರೀರಂಗಪಟ್ಟಣದ ಕಥೆಯ ಒಂದು ತುದಿ ಇಲ್ಲಿದೆ.

ಯುರೋಪಿನ ಭಾಷೆಗಳಲ್ಲಿ ಫಿರಂಗಿಗಳ ಸಾಲಿಗೆ ಇದ್ದ 'ಬ್ಯಾಟರಿ' ಎಂಬ ಹೆಸರೇ ನಮ್ಮವರ ಬಾಯಲ್ಲಿ 'ಬತ್ತೇರಿ' ಆಯಿತು. ಕರಿಕಲ್ಲಿನ ಈ ಕಟ್ಟಡದ ಗೋಡೆಯ ಸುತ್ತಲೂ ತೋಪು, ಬಂದೂಕುಗಳಿಗಾಗಿ ಕಿಂಡಿಗಳಿವೆ. ಅಡಿಯಲ್ಲಿ ಮದ್ದು ಇಡುವ ನೆಲಮಾಳಿಗೆ ಇದೆ. ಕಿಂಡಿಯೊಂದರ ಹಿಂದೆ ನಿಂತು ಹೊರಗೆ ನೋಡಿದರೆ ಕಟ್ಟಿದವರ ಉದ್ದೇಶ ತಿಳಿಯುತ್ತದೆ. ಇಲ್ಲಿನ ಕಾವಲುಗಾರನ ಕಣ್ಣಿದ್ದುದು ನದಿಯ ಮೇಲೆ. ಶತ್ರುವಿನ ಹಡಗು ಅಳಿವೆಯಿಂದ ಒಳನುಗ್ಗದಂತೆ ತಡೆಯುವುದೇ ಅವನ ಕೆಲಸ.

ಒಳನಾಡಿನ ರಾಜ್ಯಕ್ಕೆ ಕಡಲ ಕಾವಲು ಏಕೆ ಬೇಕಾಯಿತು? 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಮಂಗಳೂರು ಮೈಸೂರಿನ ಕೈಸೇರಿತು. ವಿದೇಶದ ಕುದುರೆ, ಆಯುಧಗಳು ಬರುವ ದಾರಿ ತೆರೆಯಿತು. ಆದರೆ ಬಂದರು ಎಂದರೆ ಶತ್ರುವಿಗೂ ಬಾಗಿಲೇ. 1768ರಲ್ಲಿ ಇಂಗ್ಲಿಷರು ಅದನ್ನು ಹಿಡಿದು ಕೆಲವೇ ತಿಂಗಳಲ್ಲಿ ಕಳೆದುಕೊಂಡರು. 1783ರಲ್ಲಿ ಮತ್ತೆ ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿಯಲ್ಲಿ ಕೋಟೆಯನ್ನು ಮರಳಿ ಪಡೆದ. ಆ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಬತ್ತೇರಿಯ ನಿರ್ಮಾಣವನ್ನೂ ಅದೇ ವರ್ಷಕ್ಕೆ ಹೇಳುತ್ತಾರೆ. ಎರಡು ಸಲ ಕೈತಪ್ಪಿದ ಬಂದರಿಗೆ ಹಾಕಿದ ಬೀಗವೆಂದು ಇದನ್ನು ತಿಳಿಯಬಹುದು.

ಅದೇ 1784ರ ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಮಂಗಳೂರಿನ ಮಿಲಾಗ್ರಿಸ್ ಚರ್ಚು ನೆಲಸಮವಾಯಿತು. ಉಳಿದವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ. ಬತ್ತೇರಿಯನ್ನು ರಾಜನ ದೂರದೃಷ್ಟಿಗೆ ಸಾಕ್ಷಿಯೆಂದು ತೋರಿಸುವವರು ಈ ಭಾಗವನ್ನು ಬಿಡುತ್ತಾರೆ. ಸೆರೆಯ ಕಥೆ ಹೇಳುವವರು ಬಂದರಿನ ಲೆಕ್ಕಾಚಾರವನ್ನು ಬಿಡುತ್ತಾರೆ. ಕರಾವಳಿಗೂ ಕಾವೇರಿಗೂ ನಡುವಿನ ಆ ಹಾದಿಯಲ್ಲಿ ಎರಡೂ ನಡೆದವು. ಎರಡನ್ನೂ ಒಟ್ಟಿಗೆ ತಿಳಿದವನಿಗೇ ಈ ಕಲ್ಲುಗಳು ಅರ್ಥವಾಗುವುದು.

ಇಷ್ಟು ಎಚ್ಚರದಿಂದ ಕಾದ ಬಾಗಿಲು ರಾಜಧಾನಿಯನ್ನು ಉಳಿಸಿತೇ? ಇಲ್ಲ. 1790ರ ಕೊನೆಯಲ್ಲಿ ಕಣ್ಣೂರು ಕಂಪನಿಯ ವಶವಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮಲಬಾರೂ ಕೊಡಗೂ ಟಿಪ್ಪುವಿನ ಕೈಬಿಟ್ಟವು. 1799ರಲ್ಲಿ ಮುಂಬಯಿಯ ಸೈನ್ಯ ಮಂಗಳೂರಿನ ಗೊಡವೆಗೇ ಹೋಗದೆ ಕಣ್ಣೂರಿನಿಂದ ಕೊಡಗಿನ ಮೂಲಕ ನುಗ್ಗಿತು. ಮದರಾಸಿನ ಸೈನ್ಯ ಪೂರ್ವದಿಂದ ಬಂತು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಯುದ್ಧವಾಯಿತು. ಸೋತ ಟಿಪ್ಪು, ಶತ್ರುವಿಗೆ ಪ್ರಯೋಜನವಾಗದಿರಲೆಂದು ಮಳವಳ್ಳಿ ಪಟ್ಟಣವನ್ನೇ ಹಾಳುಗೆಡವಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮದ್ದೂರಿನ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ ಮೊದಲೇ, 1791ರಲ್ಲಿ, ಕೆಡವಿತ್ತು.

ಹೀಗೆ ನಮ್ಮ ಹೆದ್ದಾರಿಯ ಪಕ್ಕದ ಊರುಗಳಲ್ಲಿ ಯುದ್ಧದ ಗುರುತುಗಳು ಅಳಿದುಹೋಗಿ, ಬತ್ತೇರಿ ಮಾತ್ರ ಗಟ್ಟಿಯಾಗಿ ನಿಂತಿದೆ. ಉಳಿದಿರುವುದರಲ್ಲಿ ಅದಕ್ಕೆ ಜೊತೆಯೆಂದರೆ ಶ್ರೀರಂಗಪಟ್ಟಣದ ಮದ್ದಿನ ಮನೆಗಳು. ಇಟ್ಟಿಗೆ ಗಾರೆಯಲ್ಲಿ ಕಟ್ಟಿ, ಸಿಡಿಯುವ ಭಯಕ್ಕೆ ಅರ್ಧ ನೆಲದೊಳಕ್ಕೆ ಇಳಿಸಿದ ಕೋಣೆಗಳವು. ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಅಂಥದೊಂದನ್ನು 2017ರಲ್ಲಿ ಕೆಡವದೆ, ಸುಮಾರು ಸಾವಿರ ಟನ್ ತೂಕದ ಇಡೀ ಕಟ್ಟಡವನ್ನೇ ಮೇಲೆತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಹಾಗೆ ಮಾಡಬಹುದೆಂದು ತೋರಿಸಿದ್ದು ದೊಡ್ಡ ಪಾಠ.

ಆದ್ದರಿಂದ ಬತ್ತೇರಿ ನೋಡಲು ಹೋಗುವವರು ಮೊದಲು ನಮ್ಮಲ್ಲಿನ ಮದ್ದಿನ ಮನೆಯೊಂದನ್ನು ನೋಡಿ ಹೊರಡುವುದು ಒಳ್ಳೆಯದು. ಮೈಸೂರು, ಮಡಿಕೇರಿ, ಸಂಪಾಜೆ ಘಟ್ಟದ ದಾರಿಯಲ್ಲಿ ಹೋದರೆ, ಬಸ್ಸಿನಲ್ಲಿ ಕುಳಿತು ಕಳೆಯುವ ಹೊತ್ತು ಆ ಕಾಲದಲ್ಲಿ ಎಷ್ಟು ದಿನಗಳ ನಡಿಗೆಯಾಗಿತ್ತೆಂದು ಲೆಕ್ಕ ಹಾಕಬಹುದು. ಮಕ್ಕಳು ಜೊತೆಗಿದ್ದರೆ ಅವರನ್ನು ಕಿಂಡಿಯ ಹಿಂದೆ ನಿಲ್ಲಿಸಿ, ಇಲ್ಲಿಂದ ಯಾರನ್ನು ಕಾಯುತ್ತಿದ್ದರು, ಯಾರಿಗಾಗಿ ಕಾಯುತ್ತಿದ್ದರು ಎಂದು ಕೇಳಿ.