ರಂಜಕದ ಕಾವಲುಗಾರರು

ಜೋಳದ ರೊಟ್ಟಿಗೆ ರಂಜಕವಿದ್ದರೆ ಪಲ್ಯದ ಹಂಗಿಲ್ಲವೆಂಬುದನ್ನು ಉತ್ತರ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಣ್ಣಾದ ಕೆಂಪು ಮೆಣಸಿನಕಾಯಿ, ಉಪ್ಪು, ಹುಣಿಸೆ ಅಥವಾ ನಿಂಬೆರಸ, ಬೆಳ್ಳುಳ್ಳಿ, ಮೆಂತ್ಯ, ಇಂಗು, ತುಸು ಬೆಲ್ಲ. ಇಷ್ಟನ್ನು ಅರೆದು ಭರಣಿಗೆ ತುಂಬಿದರೆ ರಂಜಕವಾಯಿತು. ಇವೆಲ್ಲ ರುಚಿಗಾಗಿಯೇ ಕೂಡಿದ ಪದಾರ್ಥಗಳೆಂದು ನಾವು ಭಾವಿಸುತ್ತೇವೆ. ಆದರೆ ಇವುಗಳಲ್ಲಿ ಕೆಲವು ಭರಣಿಯ ಕಾವಲನ್ನೂ ಕಾಯುತ್ತವೆ. ಅದನ್ನು ವಿವರಿಸುವುದೇ ನನ್ನ ಉದ್ದೇಶ.

ಮೊದಲು ಖಾರ. ಹಿರಿಯರು ಕಟುವನ್ನು ಷಡ್ರಸಗಳಲ್ಲಿ ಎಣಿಸಿದರು; ಶರೀರಶಾಸ್ತ್ರವು ಅದನ್ನು ಉರಿಯೆನ್ನುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಅರಿಯುವ ಗ್ರಾಹಕವೊಂದು ನಮ್ಮ ನರಗಳಲ್ಲಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದನ್ನೇ ಕೆರಳಿಸುವುದರಿಂದ, ನಾಲಗೆ ಸುಡದಿದ್ದರೂ ಸುಟ್ಟಂತೆ ತೋರುತ್ತದೆ. 1997ರಲ್ಲಿ ಇದನ್ನು ತೋರಿಸಿಕೊಟ್ಟ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಖಾರವು ಬೀಜಕ್ಕಿಂತ ಹೆಚ್ಚಾಗಿ ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿದೆ. ಅದು ಜಿಡ್ಡಿನಲ್ಲಿ ಕರಗುವಂತೆ ನೀರಿನಲ್ಲಿ ಕರಗದು. ಆದುದರಿಂದಲೇ ತಂಬಿಗೆ ನೀರು ಕುಡಿದರೂ ಆರದ ಉರಿ ಬೆಣ್ಣೆಗೆ, ಮೊಸರಿಗೆ ತಗ್ಗುತ್ತದೆ.

ಬೆಳ್ಳುಳ್ಳಿಯ ಇಡೀ ಎಸಳಿಗೆ ಅಷ್ಟು ಘಾಟಿಲ್ಲ. ಜಜ್ಜಿದಾಗ ಅದರೊಳಗೆ ಬೇರೆಬೇರೆಯಾಗಿದ್ದ ಎರಡು ವಸ್ತುಗಳು ಸೇರಿ ಅಲಿಸಿನ್ ಹುಟ್ಟುತ್ತದೆ. ಮೆಂತ್ಯದ ಲೋಳೆ ನೀರನ್ನು ಹಿಡಿದು ರಂಜಕವನ್ನು ಗಟ್ಟಿಮಾಡುತ್ತದೆ. ಬೆಲ್ಲವು ಹುಳಿ ಖಾರಗಳ ಮೊನೆಯನ್ನು ಮೊಂಡಾಗಿಸುತ್ತದೆ.

ಇನ್ನು ಕಾವಲುಗಾರರು. ಉಪ್ಪು ಮೆಣಸಿನಕಾಯಿಯ ನೀರನ್ನು ಹೊರಗೆಳೆದು, ಕೊಳೆಸುವ ಜೀವಾಣುಗಳಿಗೆ ನೀರು ದಕ್ಕದಂತೆ ಮಾಡುತ್ತದೆ. ಉಪ್ಪನ್ನು ಸಹಿಸಬಲ್ಲ ಕೆಲವು ಜೀವಾಣುಗಳು ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸಿ ಹುಳಿಯನ್ನು ಹೆಚ್ಚಿಸುತ್ತವೆ. ಹುಣಿಸೆಯ ಟಾರ್ಟಾರಿಕ್ ಆಮ್ಲವೂ ನಿಂಬೆಯ ಸಿಟ್ರಿಕ್ ಆಮ್ಲವೂ ಅದಕ್ಕೆ ಬೆಂಬಲ. ಆಮ್ಲತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಬಾಟ್ಯುಲಿಸಮ್ ಎಂಬ ಮಾರಕ ರೋಗದ ಜೀವಾಣು ಬೆಳೆಯಲಾರದು. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆದು ಬೂಷ್ಟು ಕಟ್ಟದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಬಾಟ್ಯುಲಿಸಮ್ಮಿನ ಜೀವಾಣುವಿಗೆ ಗಾಳಿಯಿಲ್ಲದ ಎಡೆಯೇ ಪ್ರಿಯ. ಹುಳಿಯಿಲ್ಲದೆ ಎಣ್ಣೆಯೊಂದನ್ನೇ ನಂಬುವುದು ಅಪಾಯಕರ.

ಈಚೆಗೆ ರಕ್ತದೊತ್ತಡಕ್ಕೆ ಅಂಜಿ ಅನೇಕ ಮನೆಗಳಲ್ಲಿ ಉಪ್ಪನ್ನು ಕಡಿಮೆಮಾಡುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಉಪ್ಪು ಇಳಿದಾಗ ಭರಣಿಯ ಒಬ್ಬ ಕಾವಲುಗಾರ ಹೋದಂತೆ. ಆಗ ನಿಂಬೆರಸವನ್ನು ಹೆಚ್ಚಿಸಬೇಕು, ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು. ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಉಣ್ಣದೆ, ಇಡೀ ಭರಣಿಯನ್ನು ಚೆಲ್ಲಬೇಕು. ಅಜ್ಜಿಯರ ಕೈಯಳತೆಯನ್ನು ಬದಲಿಸುವವರು ಆ ಅಳತೆ ಏನನ್ನು ಕಾಯುತ್ತಿತ್ತೆಂಬುದನ್ನು ಮೊದಲು ಅರಿತಿರುವುದು ಒಳ್ಳೆಯದು.