ರೌಟರ್ ಮೇಜು: ಜೋಡಣೆ ಮತ್ತು ಹೊಂದಾಣಿಕೆ

ಫೋಟೋ ಚೌಕಟ್ಟೊಂದನ್ನು ತಿರುಗಿಸಿ ಹಿಂಬದಿ ನೋಡಿ. ಗಾಜು ಕೂರಲೆಂದು ಮರದ ಒಳ ಅಂಚಿನುದ್ದಕ್ಕೂ ಒಂದು ಮೆಟ್ಟಿಲು ಕೊರೆದಿರುತ್ತದೆ. ಉಳಿ, ಉಜ್ಜುಗೊರಡುಗಳಿಂದ ಮಾಡುತ್ತಿದ್ದ ಈ ಕೆಲಸವನ್ನು ರೌಟರ್ ಯಂತ್ರ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ವೇಗವಾಗಿ ತಿರುಗುವ ಮೋಟರು, ಅದರ ತುದಿಯಲ್ಲಿ ಮರ ಕತ್ತರಿಸುವ ಬಿಟ್ - ರೌಟರ್ ಎಂದರೆ ಇಷ್ಟೇ. ಅದನ್ನು ತಲೆಕೆಳಗಾಗಿಸಿ ಮೇಜಿನ ಅಡಿಗೆ ಬಿಗಿದು, ಬಿಟ್ ಮಾತ್ರ ಮೇಲೆ ಚಾಚುವಂತೆ ಮಾಡಿದರೆ ಅದೇ ರೌಟರ್ ಮೇಜು. ಇಲ್ಲಿ ಯಂತ್ರ ಸ್ಥಿರ, ಚಲಿಸುವುದು ಮರ. ಮರಕ್ಕೆ ಆಸರೆಯಾಗಿ ಬಿಟ್‌ನ ಹಿಂದೆ ನೇರವಾದ ತಡೆಪಟ್ಟಿ ಇರುತ್ತದೆ.

6 ಮಿ.ಮೀ. ಅಗಲ, 9 ಮಿ.ಮೀ. ಆಳದ ಮೆಟ್ಟಿಲು ಕೊರೆಯಬೇಕೆಂದುಕೊಳ್ಳಿ. ಮೇಜನ್ನು ಹೊಂದಿಸುವುದು ಹೇಗೆ?

ಬಿಟ್ ಕೂರಿಸುವುದು

ಮೊದಲು ಪ್ಲಗ್ ಕಳಚಿ. ಬಿಟ್‌ನ ಹಿಡಿಯನ್ನು ಕಾಲೆಟ್‌ನ ತಳಕ್ಕೆ ತಾಗುವವರೆಗೆ ಇಳಿಸಿ, ನಂತರ 2-3 ಮಿ.ಮೀ. ಮೇಲೆತ್ತಿ ಬಿಗಿಯಿರಿ. ತಳಕ್ಕೆ ತಾಗಿದ್ದರೆ ಕಾಲೆಟ್ ಸರಿಯಾಗಿ ಬಿಗಿಯದೆ ಹೋಗಬಹುದು. ಕಾಲು ಅಂಗುಲದ ಹಿಡಿಯ ವ್ಯಾಸ 6.35 ಮಿ.ಮೀ. ಅದರ ಕಾಲೆಟ್‌ನಲ್ಲಿ 6 ಮಿ.ಮೀ. ಹಿಡಿಯನ್ನು ಎಂದೂ ಬಳಸಬೇಡಿ. ತಿರುಗುವಾಗ ಸಡಿಲಗೊಂಡು ಹಾರಬಹುದು.

ಎತ್ತರ

ಬಿಟ್‌ನ ಎತ್ತರವೇ ಮೆಟ್ಟಿಲಿನ ಆಳ. 9 ಮಿ.ಮೀ.ಯನ್ನು ಒಂದೇ ಸಲ ಕೊರೆಯದೆ 3, 6, 9 ಎಂದು ಮೂರು ಹಂತಗಳಲ್ಲಿ ಏರಿಸಿ. ಸ್ಕ್ರೂ ಗೇಜ್‌ನಲ್ಲಿ ಕಾಣುವ ಬ್ಯಾಕ್‌ಲ್ಯಾಶ್ ದೋಷ ಇಲ್ಲಿಯ ತಿರುಪಿನಲ್ಲೂ ಉಂಟು. ಆದ್ದರಿಂದ ಬೇಕಾದ ಎತ್ತರವನ್ನು ಯಾವಾಗಲೂ ಕೆಳಗಿನಿಂದ ಏರಿಸುತ್ತಲೇ ತಲುಪಿ. ಮೀರಿದರೆ ಸಾಕಷ್ಟು ಇಳಿಸಿ, ಮತ್ತೆ ಏರಿಸಿ, ಲಾಕ್ ಮಾಡಿ.

ತಡೆಪಟ್ಟಿ

ತಡೆಪಟ್ಟಿಯ ಮುಂದೆ ಬಿಟ್ ಎಷ್ಟು ಚಾಚಿದೆಯೋ ಅಷ್ಟು ಮೆಟ್ಟಿಲಿನ ಅಗಲ. ಬಿಟ್‌ನ ವ್ಯಾಸ 12 ಮಿ.ಮೀ. ಆಗಿದ್ದರೆ ಪಟ್ಟಿಯ ಮುಖ ಸರಿಯಾಗಿ ಬಿಟ್‌ನ ಅಕ್ಷದ ಮೇಲೆ ಬರಬೇಕು. ಪಟ್ಟಿ ಮೇಜಿನ ಅಂಚಿಗೆ ಸಮಾಂತರವಾಗಿರಬೇಕೆ? ಬೇಕಿಲ್ಲ. ಬಿಟ್ ಕತ್ತರಿಸುವುದು ವೃತ್ತದಲ್ಲಿ. ವೃತ್ತಕ್ಕೆ ಎಲ್ಲ ದಿಕ್ಕೂ ಒಂದೇ. ಪಟ್ಟಿಯಿಂದ ಅಕ್ಷಕ್ಕಿರುವ ಲಂಬ ದೂರವಷ್ಟೇ ಮುಖ್ಯ.

ಸೂಕ್ಷ್ಮ ಹೊಂದಾಣಿಕೆಗೆ ಇದೇ ದಾರಿ. ಪಟ್ಟಿಯ ಒಂದು ತುದಿಯನ್ನು ತಿರುಗಣಿಯಾಗಿ ಉಳಿಸಿ, ಇನ್ನೊಂದನ್ನು ಮಾತ್ರ ಸರಿಸಿ. ಬಿಟ್ ನಡುವೆ ಇದ್ದರೆ, ಸಮರೂಪ ತ್ರಿಭುಜಗಳ ನಿಯಮದಂತೆ, ತುದಿ 1 ಮಿ.ಮೀ. ಸರಿದಾಗ ಬಿಟ್‌ನ ಬಳಿ ಪಟ್ಟಿ ಸರಿಯುವುದು 0.5 ಮಿ.ಮೀ. ಒಂದು ರದ್ದಿ ತುಂಡನ್ನು ಕೊರೆದು ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಿರಿ. ಅಗಲ 5.7 ಮಿ.ಮೀ. ಬಂದರೆ ಪಟ್ಟಿಯ ತುದಿಯನ್ನು 0.6 ಮಿ.ಮೀ. ಹಿಂದೆ ಸರಿಸಿ.

ವೇಗ

ಬಿಟ್‌ನ ಅಂಚಿನ ವೇಗ v = πDN. ನಿಮಿಷಕ್ಕೆ 24,000, ಅಂದರೆ ಸೆಕೆಂಡಿಗೆ 400 ಸುತ್ತು ತಿರುಗುವ 12 ಮಿ.ಮೀ. ಬಿಟ್‌ನ ಅಂಚಿನ ವೇಗ ಸೆಕೆಂಡಿಗೆ ಸುಮಾರು 15 ಮೀಟರು. ಅದೇ ಸುತ್ತುಗಳಲ್ಲಿ 50 ಮಿ.ಮೀ. ಬಿಟ್‌ನ ಅಂಚು ಸುಮಾರು 63 ಮೀಟರು ವೇಗದಲ್ಲಿ ಸಾಗುತ್ತದೆ! ಆದ್ದರಿಂದ ವ್ಯಾಸ ಹೆಚ್ಚಿದಂತೆ ಸುತ್ತುಗಳನ್ನು ಇಳಿಸಬೇಕು. ಬಿಟ್ ತಯಾರಕರು ಸೂಚಿಸಿದ ಗರಿಷ್ಠ ಮಿತಿಯನ್ನು ಮೀರಕೂಡದು.

ಮರ ತಳ್ಳುವ ದಿಕ್ಕು

ಇಲ್ಲಿ ತಪ್ಪಿದರೆ ಬೆರಳಿಗೆ ಅಪಾಯ. ಕೈಯಲ್ಲಿ ಹಿಡಿದ ರೌಟರ್‌ನ ಬಿಟ್ ಮೇಲಿನಿಂದ ನೋಡಿದಾಗ ಪ್ರದಕ್ಷಿಣವಾಗಿ ತಿರುಗುತ್ತದೆ. ತಲೆಕೆಳಗಾದಾಗ ಅದೇ ಬಿಟ್ ಅಪ್ರದಕ್ಷಿಣವಾಗಿ ಕಾಣುತ್ತದೆ. ಆಗ ನಿಮ್ಮ ಕಡೆಗಿರುವ ಅಂಚು ಎಡದಿಂದ ಬಲಕ್ಕೆ ಸಾಗುತ್ತದೆ. ಆದ್ದರಿಂದ ಮರವನ್ನು ಬಲದಿಂದ ಎಡಕ್ಕೆ, ಅಲಗಿಗೆ ಎದುರಾಗಿ ತಳ್ಳಿ. ಅಲಗು ಮರವನ್ನು ನಿಮ್ಮ ಕೈಗೆದುರಾಗಿ ನೂಕುವುದರಿಂದ ಹತೋಟಿ ನಿಮ್ಮದೇ. ಎಡದಿಂದ ಬಲಕ್ಕೆ ತಳ್ಳಿದರೆ ಅಲಗು ಮರವನ್ನು ಕಸಿದು ಎಸೆಯುತ್ತದೆ. ಜೊತೆಗೆ ಕೈ ಬಿಟ್‌ನತ್ತ ಸೆಳೆಯಲ್ಪಡಬಹುದು. ಪಟ್ಟಿ ಮತ್ತು ಬಿಟ್‌ಗಳ ನಡುವಿನ ಸಂದಿಯಲ್ಲೂ ಮರ ತೂರಿಸಬೇಡಿ. ಅಲ್ಲಿ ಅಲಗಿನ ದಿಕ್ಕು ತಿರುವುಮುರುವು.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಸಣ್ಣ ತುಂಡುಗಳನ್ನು ತಳ್ಳುಗೋಲಿನಿಂದಲೇ ತಳ್ಳಿ.

ಮಾಡಿ ನೋಡಿ: ಪಾರದರ್ಶಕ ಹಾಳೆಯ ಮೇಲೆ ಪ್ರದಕ್ಷಿಣ ಬಾಣವೊಂದನ್ನು ಬರೆದು, ಹಾಳೆಯನ್ನು ಮಗುಚಿ ಹಿಂಬದಿಯಿಂದ ನೋಡಿ. ಬಾಣದ ದಿಕ್ಕು ಬದಲಾಗಿರುತ್ತದೆ. ಯಂತ್ರ ಚಾಲೂ ಮಾಡುವ ಮುನ್ನ ತರಗತಿಯ ಪ್ರತಿಯೊಬ್ಬರೂ ಇದನ್ನು ಮಾಡಿ ನೋಡಲಿ.