ಸ್ಪ್ರಿಂಗ್ ಪಿಸ್ತೂಲಿಗೆ ಒಪ್ಪುವ ಪೆಲೆಟ್ ಯಾವುದು?

ಸ್ಪ್ರಿಂಗ್ ಬಲದಿಂದ ನಡೆಯುವ ವಾಯುಪಿಸ್ತೂಲಿನಲ್ಲಿ ಮದ್ದೂ ಇರುವುದಿಲ್ಲ, ಮೊದಲೇ ತುಂಬಿಸಿಟ್ಟ ಗಾಳಿಯೂ ಇರುವುದಿಲ್ಲ. ಹಾರಿಸುವವನು ಸನ್ನೆಯನ್ನು ಎಳೆದು ಸ್ಪ್ರಿಂಗನ್ನು ಅದುಮಿದಾಗ ಅವನ ತೋಳಿನ ಶಕ್ತಿ ಅದರೊಳಗೆ ಶೇಖರವಾಗುತ್ತದೆ. ಟ್ರಿಗರ್ ಒತ್ತಿದೊಡನೆ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ ತನ್ನ ಮುಂದಿರುವ ಒಂದಿಷ್ಟು ಗಾಳಿಯನ್ನು ಕ್ಷಣಾರ್ಧದಲ್ಲಿ ಹಿಂಡಿ ಬಿಸಿಮಾಡುತ್ತದೆ, ಆ ಗಾಳಿ ಹಿಗ್ಗುತ್ತ ಸೀಸದ ಚಿಕ್ಕ ಗುಂಡನ್ನು, ಅಂದರೆ ಪೆಲೆಟ್ಟನ್ನು, ನಳಿಕೆಯಿಂದ ಹೊರಗಟ್ಟುತ್ತದೆ. ಹೀಗಿರುವುದರಿಂದ ಪೆಲೆಟ್ಟಿಗೆ ದೊರೆಯುವ ಶಕ್ತಿಯ ಗರಿಷ್ಠ ಮಿತಿ ಸ್ಪ್ರಿಂಗಿನಲ್ಲಿಯೇ ನಿಗದಿಯಾಗಿರುತ್ತದೆ. ದಪ್ಪ ಪೆಲೆಟ್ ಹಾಕಿದರೆ ಪಿಸ್ತೂಲು ಬಲಶಾಲಿಯಾಗುತ್ತದೆಂಬ ನಂಬಿಕೆಗೆ ಈ ಯಂತ್ರದಲ್ಲಿ ಹೆಚ್ಚಿನ ಆಧಾರವಿಲ್ಲ.

ನಳಿಕೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು. ವಾಯುಪಿಸ್ತೂಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಎರಡು: ಪಾಯಿಂಟ್ ಒನ್ ಸೆವೆನ್ ಸೆವೆನ್ ಎಂದು ಕರೆಯುವ 0.177 ಅಂಗುಲದ್ದು, ಅಂದರೆ 4.5 ಮಿ.ಮೀ.; ಪಾಯಿಂಟ್ ಟೂ ಟೂ ಎಂದು ಕರೆಯುವ 0.22 ಅಂಗುಲದ್ದು, ಅಂದರೆ 5.5 ಮಿ.ಮೀ. ಮೊದಲನೆಯದರ ಸಾಮಾನ್ಯ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗಿದರೆ ಎರಡನೆಯದು ಒಂದು ಗ್ರಾಮಿನ ಹತ್ತಿರಕ್ಕೆ ಬರುತ್ತದೆ. ಒಂದು ಪಿಸ್ತೂಲು ಎರಡಕ್ಕೂ ತಲಾ 5 ಜೌಲ್ ಶಕ್ತಿ ಕೊಡುತ್ತದೆಂದು ಭಾವಿಸಿದರೆ 0.5 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 141 ಮೀಟರ್ ವೇಗದಲ್ಲಿಯೂ, 0.95 ಗ್ರಾಂ ಪೆಲೆಟ್ ಸುಮಾರು 103 ಮೀಟರ್ ವೇಗದಲ್ಲಿಯೂ ಹೊರಬೀಳುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 10 ಮೀಟರ್ ದೂರ ಕ್ರಮಿಸುವಷ್ಟರಲ್ಲಿ ಗುರುತ್ವದ ಸೆಳೆತಕ್ಕೆ ಮೊದಲನೆಯದು ಎರಡೂವರೆ ಸೆಂಟಿಮೀಟರ್, ಎರಡನೆಯದು ನಾಲ್ಕೂಮುಕ್ಕಾಲು ಸೆಂಟಿಮೀಟರಿನಷ್ಟು ಕೆಳಗಿಳಿದಿರುತ್ತದೆ.

ಈ ಇಳಿತವೇನೂ ದೊಡ್ಡ ದೋಷವಲ್ಲ, ಏಕೆಂದರೆ ಗುರಿಯ ದೂರ ಬದಲಾಗದಿದ್ದರೆ ಪಿಸ್ತೂಲಿನ ಹಿಂತುದಿಯ ಗುರಿಪಟ್ಟಿಯನ್ನು ಒಮ್ಮೆ ಎತ್ತರಿಸಿಕೊಂಡರೆ ಸಾಕು. ತೊಂದರೆ ಕೊಡುವುದು ಏರುಪೇರು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ವೇಗದಲ್ಲಿ ನೂರಕ್ಕೆ ಮೂರರಷ್ಟು ವ್ಯತ್ಯಾಸವಾದರೆ ಸಣ್ಣ ಪೆಲೆಟ್ಟಿನ ಎತ್ತರ ಒಂದೂವರೆ ಮಿಲಿಮೀಟರ್ ಕದಲುತ್ತದೆ, ದಪ್ಪನೆಯದು ಮೂರರ ಹತ್ತಿರ ಕದಲುತ್ತದೆ. ಇದಕ್ಕಿಂತಲೂ ಗಂಭೀರವಾದುದು ಪೆಲೆಟ್ ನಳಿಕೆಯೊಳಗೆ ಕಳೆಯುವ ಕಾಲ. ಪಿಸ್ಟನ್ ಹೊರಟಾಗ ಪಿಸ್ತೂಲು ಅದಕ್ಕೆ ವಿರುದ್ಧ ದಿಕ್ಕಿಗೆ ಒಮ್ಮೆ ಜಗ್ಗುತ್ತದೆ, ಪಿಸ್ಟನ್ ಹಿಂಡಿದ ಗಾಳಿಗೆ ತಾಗಿ ನಿಂತಾಗ ಅದರದೇ ದಿಕ್ಕಿಗೆ ಇನ್ನೊಮ್ಮೆ ಜಿಗಿಯುತ್ತದೆ. ಈ ಎರಡೂ ಕುಲುಕುಗಳ ನಡುವೆ ಪೆಲೆಟ್ ಇನ್ನೂ ನಳಿಕೆಯಲ್ಲಿಯೇ ಇರುವುದರಿಂದ, ನಿಧಾನವಾಗಿ ಹೊರಬೀಳುವ ಪೆಲೆಟ್ಟಿನ ಮೇಲೆ ಹಿಡಿತದ ಪ್ರತಿಯೊಂದು ಲೋಪವೂ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಭುಜಕ್ಕೆ ಆನಿಸುವ ರೈಫಲಿನಲ್ಲಿ ಇದನ್ನು ಒಂದಿಷ್ಟು ಸಹಿಸಬಹುದು. ಒಂದೇ ಕೈ ಚಾಚಿ ಹಿಡಿಯುವ ಪಿಸ್ತೂಲಿನಲ್ಲಿ ಸಹಿಸುವುದು ಕಷ್ಟ. ಜರ್ಮನಿಯ ಫೈನ್‌ವೆರ್ಕ್‌ಬೌ ಕಾರ್ಖಾನೆ 1965ರಲ್ಲಿ ತನ್ನ ‘65’ ಮಾದರಿಯ ಪಿಸ್ತೂಲಿನ ಮೇಲ್ಭಾಗವನ್ನು ಹಳಿಯ ಮೇಲೆ ಜಾರುವಂತೆ ರಚಿಸಿದ್ದು ಈ ಕುಲುಕು ಕೈಗೆ ತಾಗದಿರಲೆಂದೇ.

5.5 ಮಿ.ಮೀ. ಪಕ್ಷದವರಿಗೂ ವಾದವುಂಟು. ಅದರ ಅಡ್ಡಕೊಯ್ತದ ವಿಸ್ತೀರ್ಣ 4.5ರದಕ್ಕಿಂತ ಸುಮಾರು ಒಂದೂವರೆ ಪಟ್ಟು ಇರುವುದರಿಂದ ಅಷ್ಟೇ ಒತ್ತಡದ ಗಾಳಿ ಅದರ ಮೇಲೆ ಹೆಚ್ಚು ಬಲ ಹಾಕಬಲ್ಲದು. ದೊಡ್ಡ ಸಿಲಿಂಡರಿನ ರೈಫಲುಗಳಲ್ಲಿ ಇದರ ಲಾಭ ಕಾಣುವುದೂ ಉಂಟು. ಬೆರಳಿಗೆ ಸಿಕ್ಕದಷ್ಟು ಪುಟ್ಟದಾದ 4.5ರ ಪೆಲೆಟ್ಟನ್ನು ನಳಿಕೆಗೆ ತೂರಿಸುವ ಕಿರಿಕಿರಿಯೂ 5.5ರಲ್ಲಿಲ್ಲ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1924ರಿಂದ ಮಾರಿದ ಸ್ಪ್ರಿಂಗ್ ಪಿಸ್ತೂಲುಗಳು ಎರಡೂ ಅಳತೆಗಳಲ್ಲಿ ದೊರೆಯುತ್ತಿದ್ದವು. ಆದರೆ ಪಿಸ್ತೂಲಿನ ಸಿಲಿಂಡರಿನಲ್ಲಿ ಹಿಡಿಯುವ ಗಾಳಿಯೇ ಅತ್ಯಲ್ಪವಾದುದರಿಂದ ಅದನ್ನು ಭಾರದ ಪೆಲೆಟ್ಟಿಗೆ ವ್ಯಯಿಸುವುದು ಜಾಣತನವಾಗಿ ತೋರುವುದಿಲ್ಲ.

ಭಾರತದಲ್ಲಿ ಈ ಚರ್ಚೆಯನ್ನು ಕಾನೂನು ಬಹುಮಟ್ಟಿಗೆ ಮುಗಿಸಿಬಿಟ್ಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು 20 ಜೌಲ್ ಮೀರಿದ ಶಕ್ತಿಯ ಅಥವಾ 4.5 ಮಿ.ಮೀ. ಮೀರಿದ ಒಳವ್ಯಾಸದ ವಾಯು ಆಯುಧಗಳನ್ನು ಪರವಾನಗಿ ಬೇಕಾದ ವರ್ಗಕ್ಕೆ ಸೇರಿಸಿವೆ. ಇಲ್ಲಿ ಗಮನಿಸಬೇಕಾದುದು ‘ಅಥವಾ’ ಎಂಬ ಷರತ್ತನ್ನು: ಕೇವಲ 5 ಜೌಲ್ ಶಕ್ತಿಯ ಬಡಪಾಯಿ ಪಿಸ್ತೂಲಾದರೂ ನಳಿಕೆ 5.5 ಆಗಿದ್ದರೆ ಪರವಾನಗಿಯ ಪ್ರಶ್ನೆ ಏಳುತ್ತದೆ. ಹೀಗಾಗಿ ಮುಂಬಯಿಯ ಸುತ್ತಿನ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಹವ್ಯಾಸಿಗೂ ಪರವಾನಗಿಯ ಗೊಡವೆಯಿಲ್ಲದೆ ಉಳಿಯುವ ದಾರಿ 4.5 ಮಾತ್ರ.

ಕ್ರೀಡೆಯ ನಿಯಮವೂ ಅದನ್ನೇ ಹೇಳುತ್ತದೆ. ಒಲಿಂಪಿಕ್ಸಿಗೆ 1988ರಲ್ಲಿ ಸೇರಿದ 10 ಮೀಟರ್ ವಾಯುಪಿಸ್ತೂಲ್ ಸ್ಪರ್ಧೆಯಲ್ಲಿ 4.5 ಮಿ.ಮೀ. ಕಡ್ಡಾಯ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ಟಿನ ಅಂಚು ಆ ಗೆರೆಯನ್ನು ಮುಟ್ಟಿದರೂ ಹತ್ತು ಅಂಕ ದೊರೆಯುವುದರಿಂದ ಅದರ ನಡುವು ಕೇಂದ್ರದಿಂದ 8 ಮಿ.ಮೀ. ತಪ್ಪಿದರೂ ನಡೆಯುತ್ತದೆ, 5.5ರ ಪೆಲೆಟ್ ಆಗಿದ್ದರೆ 8.5ರವರೆಗೆ ರಿಯಾಯಿತಿ ಸಿಗುತ್ತಿತ್ತು. ಎಲ್ಲರಿಗೂ ಒಂದೇ ಅಳತೆಯಿಲ್ಲದಿದ್ದರೆ ಅಂಕಗಳಿಗೆ ಅರ್ಥವಿರದು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ಸ್ಪರ್ಧೆಯ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಹಾರಿಸಿದ್ದು ಇದೇ ಅಳತೆಯ ಪೆಲೆಟ್ಟನ್ನು. ಇಂದಿನ ಸ್ಪರ್ಧಿಗಳು ಸ್ಪ್ರಿಂಗನ್ನು ಬಿಟ್ಟು ಮೊದಲೇ ಒತ್ತಿ ತುಂಬಿದ ಗಾಳಿಯ ಪಿಸ್ತೂಲುಗಳಿಗೆ ಹೋಗಿದ್ದಾರೆಂಬುದು ಬೇರೆ ಮಾತು.

ಹಾಗಾದರೆ ಆಯ್ಕೆಗೆ ಉಳಿದಿರುವುದು 4.5ರ ಒಳಗಿನ ಭೇದಗಳು, ನಿಜವಾದ ಸೂಕ್ಷ್ಮವೂ ಅಲ್ಲಿಯೇ ಇದೆ. ಸಾಮಾನ್ಯ ಪೆಲೆಟ್ ಡಮರುವಿನಂತೆ ನಡು ಸಣ್ಣಗಾಗಿ, ಹಿಂಭಾಗ ಟೊಳ್ಳಾಗಿರುತ್ತದೆ. ಗಾಳಿ ಒತ್ತಿದಾಗ ಅದರ ತೆಳು ಅಂಚು ಅರಳಿ ನಳಿಕೆಗೆ ಕಚ್ಚಿಕೊಳ್ಳುತ್ತದೆ. ಚಪ್ಪಟೆ ತಲೆಯದು ಕಾಗದದಲ್ಲಿ ದುಂಡಗಿನ ಸ್ವಚ್ಛ ತೂತು ಮಾಡುವುದರಿಂದ ಗುರಿ ಅಭ್ಯಾಸಕ್ಕೆ ಅದೇ ಉತ್ತಮ. ತೂಕ 0.45ರಿಂದ 0.53 ಗ್ರಾಂ ಒಳಗಿದ್ದರೆ ಚೆನ್ನ. ತೀರ ಹಗುರವಾದ ಮಿಶ್ರಲೋಹದ ಪೆಲೆಟ್ ಡಬ್ಬಿಯ ಮೇಲೆ ಹೆಚ್ಚಿನ ವೇಗದ ಅಂಕಿಯನ್ನು ಮೆರೆಸಿದರೂ, ಬೇಗನೆ ಜಾರಿಹೋಗಿ ಪಿಸ್ಟನ್ನಿಗೆ ಗಾಳಿಯ ಮೆತ್ತೆ ಉಳಿಸದೆ ಅದನ್ನು ಸಿಲಿಂಡರಿನ ತುದಿಗೆ ಅಪ್ಪಳಿಸುವಂತೆ ಮಾಡುತ್ತದೆ. ಖಾಲಿ ಪಿಸ್ತೂಲನ್ನು ಹಾರಿಸಬಾರದೆನ್ನುವುದಕ್ಕೂ ಇದೇ ಕಾರಣ. ಒಳ್ಳೆಯ ಪೆಲೆಟ್ಟುಗಳ ತಲೆಯ ವ್ಯಾಸವನ್ನು 4.49, 4.50, 4.51, 4.52 ಎಂದು ನಮೂದಿಸಿರುತ್ತಾರೆ. ಯಾವುದು ಒಪ್ಪುತ್ತದೆಂಬುದನ್ನು ಆಯಾ ನಳಿಕೆಯೇ ಹೇಳಬೇಕಾದುದರಿಂದ, ಎರಡು ಮೂರು ಬಗೆಗಳನ್ನು ಪಿಸ್ತೂಲನ್ನು ಆನಿಸಿಟ್ಟು ಹಾರಿಸಿ, ತೂತುಗಳು ಎಲ್ಲಿ ಹೆಚ್ಚು ಒತ್ತಾಗಿ ಬೀಳುತ್ತವೆಂದು ನೋಡುವುದೇ ಸರಿಯಾದ ವಿಧಾನ. ಸೀಸದ ಬದಲು ಉಕ್ಕಿನ ಚರೆಗಳನ್ನು ಮಾತ್ರ ಬಳಸಬಾರದು: ಅವು ನಳಿಕೆಯೊಳಗಿನ ಸುರುಳಿಗೆರೆಗಳನ್ನು ಸವೆಸುತ್ತವೆ, ಗೋಡೆಗೆ ಬಡಿದು ಹಾರಿಸಿದವನತ್ತಲೇ ಮರಳಬಹುದು.

ಕಡಲ ಹಿನ್ನೀರಿನ ತೇವ ತುಂಬಿದ ಠಾಣೆ ಕಡೆಯ ಮಳೆಗಾಲದಲ್ಲಿ ಸೀಸದ ಪೆಲೆಟ್ ಬಿಳಿ ಹುಡಿ ಹಿಡಿಯುತ್ತದೆ, ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯೂ ತೆಳುವಾದ ಎಣ್ಣೆಯ ಲೇಪವೂ ಬೇಕು, ಸೀಸ ಮುಟ್ಟಿದ ಕೈಯನ್ನು ತೊಳೆಯಲೂ ಬೇಕು. ಡೊಂಬಿವಲಿಯ ಫ್ಲ್ಯಾಟಿನಲ್ಲಿ 10 ಮೀಟರ್ ಸಿಗುವುದು ಅಪರೂಪ. 5 ಮೀಟರಿಗೆ ಗುರಿಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿಕೊಂಡು ಅಭ್ಯಾಸ ಮಾಡಬಹುದಾದರೂ, 5 ಜೌಲ್ ಶಕ್ತಿ ಕಣ್ಣನ್ನು ಕಳೆಯಲು ಧಾರಾಳ ಸಾಕಾಗುವುದರಿಂದ, ಹಿಂದೆ ದಟ್ಟವಾಗಿ ತುರುಕಿದ ಹಳೆಯ ಪತ್ರಿಕೆಗಳ ಪೆಟ್ಟಿಗೆಯೂ ಕಣ್ಣಿಗೆ ರಕ್ಷಣೆಯ ಕನ್ನಡಕವೂ ಇಲ್ಲದೆ ಹಾರಿಸುವಂತಿಲ್ಲ. ಬಾಲ್ಕನಿಯಿಂದ ಹೊರಗೆ ಗುರಿಯಿಡುವುದಂತೂ ಯಾವ ಕ್ಯಾಲಿಬರಿನಲ್ಲಿಯೂ ಸಲ್ಲದು.